ರೊಮೆಲ್‌ನ ಪೆಟ್ರೋಲ್ ಎಲ್ಲಿ ಹೋಯಿತು?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ, ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದ ಜರ್ಮನಿಯ ಫೀಲ್ಡ್ ಮಾರ್ಷಲ್ ಎರ್ವಿನ್ ರೊಮೆಲ್ ಬಗ್ಗೆ ಇಡೀ ಒಂದು ಪುಟ ಕೊಟ್ಟಿದ್ದೀರಿ. ‘ಮರುಭೂಮಿಯ ನರಿ’ ಅಂತ ದಪ್ಪಕ್ಷರದ ತಲೆಬರಹ. ಬರೆದವರ ಕೈ ಚುರುಕಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಒಂದೇ ಉಸಿರಿಗೆ ಓದಿದೆ. ಆದರೆ ಕೊನೆಯ ಪ್ಯಾರಾಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಬೇಕಾಯಿತು. ಪೆಟ್ರೋಲ್ ಒಂದು ಸಿಕ್ಕಿದ್ದರೆ ರೊಮೆಲ್ ಸೂಯೆಜ್ ಕಾಲುವೆ ಮುಟ್ಟುತ್ತಿದ್ದನಂತೆ. ಇಟಲಿಯವರು ಕೈಕೊಟ್ಟರಂತೆ. ಹಿಟ್ಲರ್ ಕಡೆಗಣಿಸಿದನಂತೆ. ಪಾಪ, ಆತನದು ಏನೂ ತಪ್ಪಿಲ್ಲವಂತೆ.

ನಾನು ಸೇನೆಯ ಆರ್ಮಿ ಸರ್ವಿಸ್ ಕೋರ್‌ನಲ್ಲಿ 22 ವರ್ಷ ಲಾರಿ ಓಡಿಸಿದವನು. ಗುಂಡು ಹಾರಿಸಿದವರ ಕತೆ ಎಲ್ಲರೂ ಬರೆಯುತ್ತಾರೆ. ಅವರಿಗೆ ರೇಷನ್, ನೀರು, ಪೆಟ್ರೋಲ್ ಹೊತ್ತು ತಂದವರ ಕತೆ ಯಾರಿಗೂ ಬೇಡ. ಹಾಗಾಗಿ ‘ಪೆಟ್ರೋಲ್ ಸಿಗಲಿಲ್ಲ’ ಅನ್ನುವ ಮಾತು ಬಂದರೆ ನಮ್ಮಂಥವರ ಕಿವಿ ನೆಟ್ಟಗಾಗುತ್ತದೆ. ಯಾರು ಕೊಡಲಿಲ್ಲ? ಎಲ್ಲಿಂದ ಬರಬೇಕಿತ್ತು? ಎಷ್ಟು ದೂರ? ಹೊರಟವನು ಹೊರಡುವ ಮೊದಲು ಕೇಳಿದ್ದನಾ?

ಅದಕ್ಕೂ ಮೊದಲು ಒಂದು ಸಣ್ಣ ತಿದ್ದುಪಡಿ. ಲೇಖನದ ಮಧ್ಯೆ ರೊಮೆಲ್‌ನ ಫೋಟೊ ಹಾಕಿದ್ದೀರಿ. ಟೋಪಿಯ ಮೇಲೆ ಧೂಳಿನ ಕನ್ನಡಕ. ‘ಜರ್ಮನ್ ಸೇನೆಯ ಮರುಭೂಮಿ ಕನ್ನಡಕದೊಂದಿಗೆ’ ಅಂತ ಕೆಳಗೆ ಬರೆದಿದ್ದೀರಿ. ಆ ಕನ್ನಡಕ ಜರ್ಮನಿಯದ್ದಲ್ಲ. ಬ್ರಿಟಿಷರದ್ದು. 1941ರ ಏಪ್ರಿಲ್ 8ರಂದು ಲಿಬಿಯಾದ ಮೆಕಿಲಿ ಎಂಬಲ್ಲಿ ಬ್ರಿಟಿಷ್ ಜನರಲ್ ಗ್ಯಾಂಬಿಯರ್-ಪ್ಯಾರಿ ಸೆರೆಸಿಕ್ಕಾಗ ವಶವಾದ ಸಾಮಾನಿನಲ್ಲಿ ಸಿಕ್ಕಿದ್ದು. ಆಮೇಲೆ ರೊಮೆಲ್ ಓಡಾಡಿದ ದೊಡ್ಡ ಕಮಾಂಡ್ ಗಾಡಿಯೂ ಅಲ್ಲೇ ಸಿಕ್ಕಿದ್ದು, ಅದೂ ಬ್ರಿಟಿಷರದ್ದೇ. ಆ ಕನ್ನಡಕ ಇಲ್ಲದೆ ಆತನ ಚಿತ್ರವನ್ನು ಇವತ್ತು ಯಾರೂ ಊಹಿಸಿಕೊಳ್ಳುವುದೇ ಇಲ್ಲ, ನೋಡಿ ತಮಾಷೆ.

ಮೆಕಿಲಿಯ ಹೆಸರು ಲೇಖನದಲ್ಲಿ ಬಂದೇ ಇಲ್ಲ. ಅಲ್ಲಿ ಇದ್ದವರು ಯಾರು ಗೊತ್ತೇ? ನಮ್ಮ 3ನೇ ಇಂಡಿಯನ್ ಮೋಟರ್ ಬ್ರಿಗೇಡ್. ಹೆಸರಿಗೆ ಮೋಟರ್. ಇದ್ದದ್ದು ಬರೀ ಲಾರಿ, ರೈಫಲ್. ಟ್ಯಾಂಕ್ ಒಂದೂ ಇಲ್ಲ. ಸ್ವಲ್ಪ ಕಾಲದ ಹಿಂದಿನವರೆಗೆ ಕುದುರೆ ಸವಾರರಾಗಿದ್ದ ರೆಜಿಮೆಂಟುಗಳು ಅವು. ಶರಣಾಗಿ ಅಂತ ರೊಮೆಲ್ ಒಂದಕ್ಕಿಂತ ಹೆಚ್ಚು ಸಲ ಹೇಳಿ ಕಳಿಸಿದ. ಇವರು ಒಪ್ಪಲಿಲ್ಲ. ಕೊನೆಗೆ ಏಪ್ರಿಲ್ 8ರ ಬೆಳಗ್ಗೆ ಮುತ್ತಿಗೆ ಸೀಳಿಕೊಂಡು ಹೋಗಲು ನೋಡಿದರು. ಕೆಲವರು ಪಾರಾದರು, ತುಂಬ ಜನ ಸೆರೆಸಿಕ್ಕರು. ಇವರು ಹಿಡಿದು ನಿಲ್ಲಿಸಿದ ಆ ಎರಡು ಮೂರು ದಿನದಲ್ಲಿ ಆಸ್ಟ್ರೇಲಿಯಾದ ಸೈನಿಕರು ಟೊಬ್ರುಕ್ ಕೋಟೆಯೊಳಗೆ ಸೇರಿಕೊಂಡರು. ಆಮೇಲೆ ಸುಮಾರು ಎಂಟು ತಿಂಗಳು ಮುತ್ತಿಗೆ ಹಾಕಿದರೂ ಆ ಟೊಬ್ರುಕ್ ರೊಮೆಲ್‌ನ ಕೈಗೆ ಸಿಗಲಿಲ್ಲ.

ಟೊಬ್ರುಕ್ ಅಂದರೆ ಬಂದರು. ಬಂದರು ಅಂದರೆ ಪೆಟ್ರೋಲ್. ಈಗ ವಿಷಯಕ್ಕೆ ಬರುತ್ತೇನೆ.

ರೊಮೆಲ್ 1941ರ ಫೆಬ್ರವರಿ 12ಕ್ಕೆ ಟ್ರಿಪೋಲಿಯಲ್ಲಿ ಇಳಿದ. ಸೋತು ಸುಣ್ಣವಾಗಿದ್ದ ಇಟಲಿ ಸೇನೆಗೆ ಆಸರೆ ಕೊಡುವುದು, ಇದ್ದ ಜಾಗ ಕಾಯುವುದು, ಇನ್ನೊಂದು ಪಾಂಜರ್ (ಟ್ಯಾಂಕ್) ಡಿವಿಷನ್ ಬರುವವರೆಗೆ ದೊಡ್ಡ ಸಾಹಸಕ್ಕೆ ಕೈ ಹಾಕದಿರುವುದು. ಬರ್ಲಿನ್‌ನಿಂದ ಬಂದ ಆದೇಶ ಇಷ್ಟೇ. ಮಾರ್ಚ್ 24ಕ್ಕೆ ಆತ ಎಲ್ ಅಘೇಲಾ ಹಿಡಿದ. ಏಪ್ರಿಲ್ ಮೊದಲ ವಾರ ಬೆಂಗಾಜಿ. ಇಬ್ಬರು ಬ್ರಿಟಿಷ್ ಜನರಲ್‌ಗಳು, ನೀಮ್ ಮತ್ತು ಓ’ಕಾನರ್, ರಾತ್ರಿ ದಾರಿ ತಪ್ಪಿ ಜರ್ಮನ್ನರ ಕೈಗೆ ಸಿಕ್ಕರು. ಲಂಡನ್ ನಡುಗಿತು. ಬರ್ಲಿನ್ನಿನ ಸೇನಾ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ಕೂಡ ನಡುಗಿದ, ಆದರೆ ಬೇರೆ ಕಾರಣಕ್ಕೆ. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅನ್ನುವ ಅರ್ಥದಲ್ಲಿ ಡೈರಿಯಲ್ಲಿ ಬರೆದುಕೊಂಡು, ಹೋಗಿ ನೋಡಿಕೊಂಡು ಬಾ ಅಂತ ಪೌಲುಸ್‌ನನ್ನು ಆಫ್ರಿಕಾಕ್ಕೆ ಕಳಿಸಿದ. ಮುಂದೆ ಸ್ಟಾಲಿನ್‌ಗ್ರಾಡ್‌ನಲ್ಲಿ ಶರಣಾದನಲ್ಲ, ಅದೇ ಪೌಲುಸ್.

ಹಾಲ್ಡರ್‌ಗೆ ರೊಮೆಲ್ ಮೇಲೆ ಹೊಟ್ಟೆಕಿಚ್ಚು ಅಂತ ಲೇಖಕರು ಬರೆದಿದ್ದಾರೆ. ಇದ್ದಿರಬಹುದು. ಆದರೆ ಆತನ ಕೈಯಲ್ಲಿ ಒಂದು ಲೆಕ್ಕದ ಹಾಳೆಯೂ ಇತ್ತು.

ಮರುಭೂಮಿಯಲ್ಲಿ ಒಂದು ಮೋಟರ್ ಡಿವಿಷನ್‌ಗೆ ದಿನಕ್ಕೆ ಸುಮಾರು 350 ಟನ್ ಸಾಮಾನು ಬೇಕು, ನೀರೂ ಸೇರಿ. ಇದನ್ನು 480 ಕಿ.ಮೀ. ದೂರ ಸಾಗಿಸಲು ಎರಡು ಟನ್‌ನ 30 ಲಾರಿಗಳ 39 ಕಾನ್ವಾಯ್ ಬೇಕು ಅಂತ ಜರ್ಮನ್ ಸೇನೆಯೇ ಲೆಕ್ಕ ಹಾಕಿತ್ತು. ಗುಣಿಸಿ ನೋಡಿ. 1,170 ಲಾರಿ. ಒಂದು ಡಿವಿಷನ್‌ಗೆ. ಬರೀ 480 ಕಿ.ಮೀ.ಗೆ. ಟ್ರಿಪೋಲಿಯಿಂದ ಬೆಂಗಾಜಿಗೇ ಸುಮಾರು 1,000 ಕಿ.ಮೀ. ಅಲ್ಲಿಂದ ಟೊಬ್ರುಕ್‌ಗೆ ಇನ್ನೂ 450ರ ಮೇಲೆ. ಅಲ್ಲಿಂದ ಈಜಿಪ್ಟಿನ ಎಲ್ ಅಲಮೇನ್‌ಗೆ 500ಕ್ಕೂ ಜಾಸ್ತಿ. ಲಿಬಿಯಾದೊಳಗೆ ಇದ್ದದ್ದು ಸಮುದ್ರದ ಪಕ್ಕ ಇಟಲಿಯವರು ಹಾಕಿದ ಒಂದೇ ಒಂದು ಡಾಂಬರು ರಸ್ತೆ. ಟ್ರಿಪೋಲಿಯಿಂದ ಬೆಂಗಾಜಿಗೆ ರೈಲು ಇಲ್ಲವೇ ಇಲ್ಲ. ಮೇಲಿನಿಂದ ಬ್ರಿಟಿಷ್ ವಿಮಾನ.

ನನ್ನ ಡ್ರೈವರ್ ಲೆಕ್ಕ ಹೇಳುತ್ತೇನೆ. ಮೂರು ಟನ್ ಹೇರಿದ ಹಳೇ ಪೆಟ್ರೋಲ್ ಲಾರಿ ಲೀಟರಿಗೆ ಮೂರು ಕಿ.ಮೀ. ಕೊಟ್ಟರೆ ಪುಣ್ಯ. ಟ್ರಿಪೋಲಿಯಿಂದ ಅಲಮೇನ್‌ಗೆ ಹೋಗಿ ಬರಲು 4,000 ಕಿ.ಮೀ. ಅಂದರೆ 1,300 ಲೀಟರ್‌ಗೂ ಜಾಸ್ತಿ. ತೂಕದಲ್ಲಿ ಒಂದು ಟನ್. ಮೂರು ಟನ್ ಹೊತ್ತುಕೊಂಡು ಹೊರಟ ಗಾಡಿ ಒಂದು ಟನ್ ತಾನೇ ಕುಡಿದು ಎರಡು ಟನ್ ಒಪ್ಪಿಸುತ್ತದೆ. ಇದು ಒಳ್ಳೆಯ ರಸ್ತೆಯ ಲೆಕ್ಕ. ಮರಳಿಗೆ ಇಳಿದರೆ ಟೈರಿನ ಗಾಳಿ ಇಳಿಸಬೇಕು, ಕೆಳಗಿನ ಗೇರ್‌ನಲ್ಲೇ ಹೋಗಬೇಕು, ಲೀಟರಿಗೆ ಒಂದು ಒಂದೂವರೆ ಕಿ.ಮೀ.ಗೆ ಬಂದು ನಿಲ್ಲುತ್ತದೆ. ಏರ್ ಫಿಲ್ಟರ್‌ನಲ್ಲಿ ಮರಳು ಸೇರಿ ಎಂಜಿನ್ ಕೂರುತ್ತದೆ. ರೊಮೆಲ್‌ನ ಗಾಡಿಗಳಲ್ಲಿ ಮೂರರಲ್ಲಿ ಒಂದು ಯಾವಾಗಲೂ ರಿಪೇರಿಯಲ್ಲೇ ಇರುತ್ತಿತ್ತು ಅಂದರೆ ನನಗೆ ಆಶ್ಚರ್ಯವಿಲ್ಲ. ಅದರ ಮೇಲೆ ಅವನ ಗಾಡಿಗಳಲ್ಲಿ ದೊಡ್ಡ ಪಾಲು ಬ್ರಿಟಿಷರಿಂದ ಕಿತ್ತುಕೊಂಡವು. ಜರ್ಮನ್ ಓಪೆಲ್, ಇಟಲಿಯ ಫಿಯಟ್, ಇಂಗ್ಲೆಂಡಿನ ಬೆಡ್‌ಫರ್ಡ್, ಕೆನಡಾದ ಫೋರ್ಡ್. ಒಂದರ ಸ್ಪೇರ್ ಪಾರ್ಟ್ ಇನ್ನೊಂದಕ್ಕೆ ಕೂರುವುದಿಲ್ಲ. ಅಂಥ ವರ್ಕ್‌ಶಾಪಿನ ಮೆಕ್ಯಾನಿಕ್‌ನ ಪಾಡು ದೇವರಿಗೇ ಪ್ರೀತಿ.

ಇಟಲಿಯವರು ಕೈಕೊಟ್ಟರು ಅನ್ನುವುದು ಅನ್ಯಾಯದ ಮಾತು. ಯುದ್ಧದ ಒಟ್ಟು ಲೆಕ್ಕ ಹಿಡಿದರೆ ಆಫ್ರಿಕಾಕ್ಕೆ ಹಡಗೇರಿದ ಸಾಮಾನಿನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲು ದಡ ಸೇರಿತ್ತು. ಬ್ರಿಟಿಷರ ಕೈಯಲ್ಲಿದ್ದ ಮಾಲ್ಟಾ ದ್ವೀಪದಿಂದ ಬರುವ ವಿಮಾನ, ಜಲಾಂತರ್ಗಾಮಿಗಳ ಕಣ್ಣು ತಪ್ಪಿಸಿ ಇಟಲಿಯ ನಾವಿಕರು ತಂದದ್ದು. ಸಾವಿರಾರು ಜನ ಮುಳುಗಿ ಸತ್ತರು. ಬಂದರಿನಲ್ಲಿ ಇಳಿದ ಪೀಪಾಯಿ 2,000 ಕಿ.ಮೀ. ಆಚೆ ನಿಂತ ಟ್ಯಾಂಕಿಗೆ ಹೋಗಲಿಲ್ಲವಲ್ಲ, ಅದು ಹಡಗಿನವರ ತಪ್ಪೇ? ಅಷ್ಟು ದೂರ ಟ್ಯಾಂಕ್ ಓಡಿಸಿಕೊಂಡು ಹೋದವನು ಯಾರು?

ನನ್ನ ಸರ್ವಿಸ್‌ನಲ್ಲೂ ಒಮ್ಮೆ ಹೀಗಾಯಿತು. ಮರಳುಗಾಡಿನ ಒಂದು ಕವಾಯತು. ಮುಂದಿನ ತುಕಡಿಯ ಯುವ ಅಧಿಕಾರಿ ನಕ್ಷೆಯ ಗೆರೆ ದಾಟಿ 40 ಕಿ.ಮೀ. ಹೆಚ್ಚಿಗೆ ಹೋಗಿಬಿಟ್ಟರು. ಹುರುಪು. ನಾವು ಹಿಂದಿನಿಂದ ಜೆರಿಕ್ಯಾನ್ ತುಂಬಿಕೊಂಡು ರಾತ್ರಿಯಿಡೀ ಹುಡುಕಿದೆವು. ಬೆಳಗಿನ ಜಾವ ಸಿಕ್ಕಾಗ ಅವರ ಗಾಡಿಗಳೆಲ್ಲ ಬರಿದಾಗಿ ಸಾಲಾಗಿ ನಿಂತಿದ್ದವು. ಅವರಿಗೆ ವೇಗಕ್ಕಾಗಿ ಶಭಾಷ್ ಸಿಕ್ಕಿತು. ‘ಸಪ್ಲೈ ತಡವಾಯಿತು’ ಅಂತ ನಮ್ಮ ಹೆಸರಿನ ಮುಂದೆ ಬರೆದರು. ನಲವತ್ತು ವರ್ಷವಾದರೂ ಮರೆತಿಲ್ಲ ಅಂದರೆ ನೋಡಿ.

ಜೆರಿಕ್ಯಾನ್ ಅಂದೆನಲ್ಲ. ಜರ್ಮನ್ನರಿಗೆ ಬ್ರಿಟಿಷರು ಇಟ್ಟ ಅಡ್ಡಹೆಸರು ‘ಜೆರಿ’. ಅದರಿಂದ ಬಂದ ಹೆಸರು. 20 ಲೀಟರ್ ಹಿಡಿಯುತ್ತದೆ. ಎರಡು ಉಕ್ಕಿನ ಅರ್ಧಗಳನ್ನು ಬೆಸೆದದ್ದು. ಮೇಲೆ ಮೂರು ಹಿಡಿ, ಹಾಗಾಗಿ ಖಾಲಿಯವನ್ನು ಒಬ್ಬನೇ ಕೈಗೆರಡರಂತೆ ನಾಲ್ಕು ಹಿಡಿಯಬಹುದು. ಮುಚ್ಚಳ ಕಳಚಿ ಕಳೆದುಹೋಗುವುದಿಲ್ಲ, ಕೀಲಿನಲ್ಲಿ ತೂಗಾಡುತ್ತದೆ. ನೀರಿನ ಕ್ಯಾನಿಗೆ ಬಿಳಿ ಶಿಲುಬೆ ಗುರುತು, ಕತ್ತಲಲ್ಲಿ ಪೆಟ್ರೋಲ್ ತುಂಬಿಬಿಡಬಾರದು ಅಂತ. ಬ್ರಿಟಿಷರದ್ದು ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬ. ಲಾರಿ ಕುಲುಕಿದರೆ ಸೋರುತ್ತಿತ್ತು. ಡಿಪೋದಿಂದ ಮುಂದಿನ ಸಾಲಿಗೆ ತಲುಪುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಪೆಟ್ರೋಲ್ ಮರಳಿಗೆ ಹೋಗುತ್ತಿತ್ತು ಅನ್ನುತ್ತಾರೆ. ಅವರ ಸೈನಿಕರು ಆ ಡಬ್ಬವನ್ನು ಕತ್ತರಿಸಿ, ಮರಳು ತುಂಬಿ, ಪೆಟ್ರೋಲ್ ಸುರಿದು ಚಹಾ ಕಾಸುವ ಒಲೆ ಮಾಡಿಕೊಳ್ಳುತ್ತಿದ್ದರು. ಜರ್ಮನ್ ಕ್ಯಾನ್ ಸಿಕ್ಕರೆ ಚಿನ್ನ ಸಿಕ್ಕ ಹಾಗೆ ಎತ್ತಿಟ್ಟುಕೊಳ್ಳುತ್ತಿದ್ದರು, ಕೊನೆಗೆ ಅದನ್ನೇ ನಕಲು ಮಾಡಿದರು. ಪೆಟ್ರೋಲ್ ಹೊರುವುದರಲ್ಲಿ ಜಗತ್ತಿಗೇ ಪಾಠ ಹೇಳಿದ ಸೇನೆ ಪೆಟ್ರೋಲ್ ಇಲ್ಲದೆ ಕೂತಿತು.

ರೊಮೆಲ್ ದಡ್ಡ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಬಂದ ಹೆಸರಲ್ಲ ಅದು. 1917ರ ಅಕ್ಟೋಬರ್‌ನಲ್ಲಿ, ಇನ್ನೂ 25 ವರ್ಷದ ಲೆಫ್ಟಿನೆಂಟ್, ಇಟಲಿಯ ಬೆಟ್ಟಗಳಲ್ಲಿ 52 ಗಂಟೆಯೊಳಗೆ ಸುಮಾರು 9,000 ಜನರನ್ನು ಸೆರೆಹಿಡಿದ. 1940ರಲ್ಲಿ ಫ್ರಾನ್ಸಿನಲ್ಲಿ ಅವನ 7ನೇ ಪಾಂಜರ್ ಡಿವಿಷನ್‌ಗೆ ‘ಭೂತ ಡಿವಿಷನ್’ ಅಂತಲೇ ಹೆಸರು. ಎಲ್ಲಿದೆ ಅಂತ ಶತ್ರುವಿಗಿರಲಿ, ಜರ್ಮನ್ ಹೈಕಮಾಂಡಿಗೇ ಗೊತ್ತಾಗುತ್ತಿರಲಿಲ್ಲ. ಆದರೆ ಫ್ರಾನ್ಸಿನಲ್ಲಿ ರಸ್ತೆ ಬದಿಯಲ್ಲೇ ಪೆಟ್ರೋಲ್ ಬಂಕುಗಳಿದ್ದವು. ಜರ್ಮನ್ ಟ್ಯಾಂಕುಗಳು ಅಲ್ಲೇ ತುಂಬಿಸಿಕೊಂಡು ಮುಂದೆ ಹೋದದ್ದೂ ಉಂಟು. ಮುಂದೆ ನುಗ್ಗು, ಬೇಕಾದ್ದು ದಾರಿಯಲ್ಲಿ ಸಿಗುತ್ತದೆ. ಈ ಅಭ್ಯಾಸವನ್ನೇ ಆತ ಆಫ್ರಿಕಾಕ್ಕೆ ಹೊತ್ತು ತಂದ ಅಂತ ನನ್ನ ಅನಿಸಿಕೆ.

ಕೆಲವು ಸಲ ಸಿಕ್ಕಿತು ಕೂಡ. 1942ರ ಮೇ 26ರ ರಾತ್ರಿ ಬ್ರಿಟಿಷರ ಗಜಾಲಾ ರಕ್ಷಣಾ ಸಾಲನ್ನು ದಕ್ಷಿಣದಿಂದ ಸುತ್ತಿ ಬಂದ. ಮರುದಿನ ಬೆಳಗ್ಗೆ ಅವನ ದಾರಿಗೆ ಅಡ್ಡ ಸಿಕ್ಕವರು ಮತ್ತೆ ಅದೇ ನತದೃಷ್ಟರು, ನಮ್ಮ 3ನೇ ಮೋಟರ್ ಬ್ರಿಗೇಡ್. ಬೀರ್ ಹಕೀಮ್ ಹತ್ತಿರ. ಇಟಲಿಯ ಆರಿಯೆಟೆ ಡಿವಿಷನ್ ಟ್ಯಾಂಕುಗಳು ಅವರ ಮೇಲೆ ಹರಿದವು. ಸೆರೆಸಿಕ್ಕ ನೂರಾರು ಭಾರತೀಯರನ್ನು ಕೆಲವು ದಿನದಲ್ಲೇ ಮರುಭೂಮಿಯಲ್ಲಿ ಬಿಟ್ಟುಬಿಟ್ಟರು. ಕರುಣೆ ಅಂದುಕೊಳ್ಳಬೇಡಿ. ಕುಡಿಸಲು ನೀರಿರಲಿಲ್ಲ. ಅವರು ನಾಲಿಗೆ ಒಣಗಿಸಿಕೊಂಡು ನಡೆದು ಫ್ರೆಂಚರು ಹಿಡಿದಿದ್ದ ಬೀರ್ ಹಕೀಮ್ ಸೇರಿದರು. ಅಲ್ಲೂ ನೀರು ಅಳೆದು ಕೊಡುವ ಸ್ಥಿತಿ.

ಅದೇ ದಿನಗಳಲ್ಲಿ ಸೆರೆಯಲ್ಲಿದ್ದ ಒಬ್ಬ ಬ್ರಿಟಿಷ್ ಮೇಜರ್ ರೊಮೆಲ್ ಹತ್ತಿರ ಹೋಗಿ, ನಮಗೆ ನೀರು ಕೊಡುತ್ತಿಲ್ಲ ಅಂತ ದೂರಿದ. ನಮಗೆಲ್ಲ ಸಿಗುವಷ್ಟೇ ನಿಮಗೂ, ನನಗೂ ಅರ್ಧ ಲೋಟವೇ, ಇವತ್ತು ರಾತ್ರಿ ಕಾನ್ವಾಯ್ ಬರದಿದ್ದರೆ ನಿಮ್ಮ ಜನರಲ್ ಹತ್ತಿರ ನಾನೇ ಷರತ್ತು ಕೇಳಬೇಕಾಗುತ್ತದೆ ಅಂದನಂತೆ ರೊಮೆಲ್. ಕಾನ್ವಾಯ್ ಬಂತು. ಆ ರಾತ್ರಿ ಮೈನ್‌ಗಳ ನಡುವೆ ಲಾರಿ ತಂದ ಡ್ರೈವರ್‌ಗಳ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಆಮೇಲೆ ನಡೆದದ್ದೆಲ್ಲ ರೊಮೆಲ್‌ನ ಗೆಲುವು.

ಜೂನ್ 21ಕ್ಕೆ ಟೊಬ್ರುಕ್ ಬಿತ್ತು. ಸುಮಾರು 33,000 ಸೆರೆಯಾಳುಗಳು, 2,000ದಷ್ಟು ಗಾಡಿ, ಸಾವಿರ ಟನ್‌ಗೂ ಜಾಸ್ತಿ ಪೆಟ್ರೋಲ್. ಮರುದಿನವೇ ಹಿಟ್ಲರ್ ಅವನನ್ನು ಫೀಲ್ಡ್ ಮಾರ್ಷಲ್ ಮಾಡಿದ. ಅದರ ಬದಲು ಇನ್ನೊಂದು ಡಿವಿಷನ್ ಕೊಟ್ಟಿದ್ದರೆ ಚೆನ್ನಾಗಿತ್ತು ಅಂತ ಆತ ಹೆಂಡತಿ ಲೂಸಿಗೆ ಹೇಳಿದನಂತೆ. ನಾನಾಗಿದ್ದರೆ ಲಾರಿ ಕೇಳುತ್ತಿದ್ದೆ.

ಲೇಖಕರು ಪೂರ್ತಿ ಬಿಟ್ಟಿರುವುದು ಇದರ ಮುಂದಿನ ಒಂದು ವಾರವನ್ನು. ಮೊದಲೇ ಆಗಿದ್ದ ತೀರ್ಮಾನ ಏನೆಂದರೆ, ಟೊಬ್ರುಕ್ ಹಿಡಿದ ಮೇಲೆ ರೊಮೆಲ್ ಈಜಿಪ್ಟಿನ ಗಡಿಯಲ್ಲಿ ನಿಲ್ಲಬೇಕು, ವಿಮಾನಪಡೆಯೆಲ್ಲ ಮಾಲ್ಟಾ ದ್ವೀಪದ ಕಡೆ ತಿರುಗಬೇಕು. ಮಾಲ್ಟಾ ಬಿದ್ದರೆ ಸಮುದ್ರದ ದಾರಿ ತೆರವಾಗುತ್ತದೆ. ಅವನ ಮೇಲಿದ್ದ ಜರ್ಮನ್ ಸೇನಾಪತಿ ಕೆಸೆಲ್ರಿಂಗ್ ಇದನ್ನೇ ಹಿಡಿದು ಕೂತ. ಇಟಲಿಯ ಸೇನಾಧಿಕಾರಿಗಳೂ ಅದನ್ನೇ ಹೇಳಿದರು. ರೊಮೆಲ್ ಕೇಳಲಿಲ್ಲ. ನೇರ ಹಿಟ್ಲರ್‌ಗೆ ಮೊರೆಯಿಟ್ಟ. ಹಿಟ್ಲರ್‌ಗೂ ಮುಸೊಲಿನಿಗೂ ಕೈರೊ ಕಣ್ಣ ಮುಂದೆ ಕುಣಿಯಿತು. ಮಾಲ್ಟಾ ದಾಳಿ ಮೂಲೆಗೆ ಬಿತ್ತು. ಮುಸೊಲಿನಿ ವಿಜಯದ ಮೆರವಣಿಗೆಗೆ ಅಂತ ಲಿಬಿಯಾಕ್ಕೇ ಹಾರಿ ಬಂದು ಮೂರು ವಾರ ಕಾದು ವಾಪಸ್ ಹೋದ.

ಪೆಟ್ರೋಲ್ ಎಲ್ಲಿ ಹೋಯಿತು ಅಂತ ಮೇಲೆ ಕೇಳಿದೆನಲ್ಲ. ಆ ವಾರದಲ್ಲೇ ಹೋಯಿತು.

ಜುಲೈ 1ಕ್ಕೆ ಎಲ್ ಅಲಮೇನ್. ಎಡಕ್ಕೆ ಸಮುದ್ರ, ಬಲಕ್ಕೆ ಸುಮಾರು 65 ಕಿ.ಮೀ. ದೂರದಲ್ಲಿ ಟ್ಯಾಂಕ್ ಇಳಿಯಲಾಗದ ಕತ್ತಾರಾ ತಗ್ಗು. ಸುತ್ತಿ ಬರಲು ಜಾಗವೇ ಇಲ್ಲ. ಅಂದು ದೇರ್ ಎಲ್ ಶೀನ್ ಎಂಬ ತಗ್ಗಿನಲ್ಲಿ 18ನೇ ಇಂಡಿಯನ್ ಬ್ರಿಗೇಡ್ ಇತ್ತು. ಇರಾಕಿನಿಂದ ಬಂದು ಮೂರು ದಿನವಾಗಿತ್ತಷ್ಟೆ. ಬಂಡೆ ನೆಲ, ಗುಂಡಿ ತೋಡಲೂ ಆಗದು. ಸಂಜೆಯ ಹೊತ್ತಿಗೆ ಬ್ರಿಗೇಡ್ ನಾಶವಾಯಿತು. ಆದರೆ ರೊಮೆಲ್ ಹತ್ತಿರ ಉಳಿದಿದ್ದ 55 ಟ್ಯಾಂಕುಗಳಲ್ಲಿ 18 ಅಲ್ಲೇ ಹೋದವು. ಒಂದು ಇಡೀ ದಿನವೂ ಹೋಯಿತು. ನಿಮ್ಮ ಇಡೀ ಪುಟದಲ್ಲಿ ‘ಭಾರತೀಯ’ ಅನ್ನುವ ಪದ ನಾನು ಎರಡು ಸಲ ಹುಡುಕಿದೆ. ಇಲ್ಲ.

ಇನ್ನೊಂದು ವಿಷಯ. ಶತ್ರುವಿನ ಮನಸ್ಸು ಓದುವ ಶಕ್ತಿ ಇತ್ತು ಅಂತ ಬರೆದಿದ್ದಾರೆ. ಮನಸ್ಸಲ್ಲ, ಟೆಲಿಗ್ರಾಂ ಓದುತ್ತಿದ್ದ. ಕೈರೊದಲ್ಲಿದ್ದ ಅಮೆರಿಕದ ಸೇನಾ ಪ್ರತಿನಿಧಿ ಬಾನರ್ ಫೆಲರ್ಸ್ ಬ್ರಿಟಿಷ್ ಸೇನೆಯ ಸ್ಥಿತಿಗತಿಯನ್ನೆಲ್ಲ ವಾಷಿಂಗ್ಟನ್‌ಗೆ ಸಂಕೇತ ಭಾಷೆಯಲ್ಲಿ ಕಳಿಸುತ್ತಿದ್ದರು. ಆ ಸಂಕೇತ ಪುಸ್ತಕವನ್ನು ಇಟಲಿಯವರು 1941ರಲ್ಲೇ ರೋಮ್‌ನ ಅಮೆರಿಕ ರಾಯಭಾರ ಕಚೇರಿಯಿಂದ ಕದ್ದು ನಕಲು ಮಾಡಿಕೊಂಡಿದ್ದರು. ಕೈಕೊಟ್ಟರು ಅಂತ ಬೈಸಿಕೊಂಡ ಅದೇ ಇಟಲಿಯವರು! 1942ರ ಜೂನ್ ಕೊನೆಗೆ ಆ ಬಾಗಿಲು ಮುಚ್ಚಿತು. ಜುಲೈ 10ರಂದು ಆಸ್ಟ್ರೇಲಿಯಾದವರು ತೆಲ್ ಎಲ್ ಐಸಾದಲ್ಲಿ ಅವನ ವೈರ್‌ಲೆಸ್ ಕದ್ದು ಕೇಳುವ ಕಂಪನಿಯನ್ನೇ ಹಿಡಿದುಬಿಟ್ಟರು. ಆಮೇಲೆ ನರಿಗೆ ಕಿವಿ ಕೇಳಲಿಲ್ಲ.

ಆಗಸ್ಟ್ 30ರಂದು ಈಜಿಪ್ಟಿನಲ್ಲಿ ಕೊನೆಯ ಸಲ ನುಗ್ಗಿದ. ಟ್ಯಾಂಕಿನಲ್ಲಿ ಕೆಲವೇ ದಿನದ ಪೆಟ್ರೋಲ್. ಹಡಗು ಬರುತ್ತದೆ ಅನ್ನುವ ಮಾತಿನ ಮೇಲೆ. ಹಡಗು ಮುಳುಗಿತು, ದಾಳಿ ಆರು ದಿನಕ್ಕೆ ನಿಂತಿತು. ಅಕ್ಟೋಬರ್ 23ಕ್ಕೆ ಬ್ರಿಟಿಷ್ ಜನರಲ್ ಮಾಂಟ್‌ಗೊಮರಿಯ ದೊಡ್ಡ ದಾಳಿ ಶುರುವಾದಾಗ ಆತ ಆಸ್ಟ್ರಿಯಾದಲ್ಲಿ ಕಾಯಿಲೆ ರಜೆಯಲ್ಲಿದ್ದ. 25ರ ಸಂಜೆ ವಾಪಸ್ ಬಂದ. ಅದರ ಮುಂದಿನದು ಲೇಖನದಲ್ಲಿ ಚೆನ್ನಾಗಿಯೇ ಬಂದಿದೆ, ನಾನು ಮತ್ತೆ ಹೇಳುವುದಿಲ್ಲ. ಒಂದು ಮಾತು ಮಾತ್ರ. ಆತ ಒಣಗಿ ನಿಂತ ಅದೇ ಲಿಬಿಯಾದಲ್ಲಿ 1959ರಲ್ಲಿ ಭಾರಿ ತೈಲ ಸಿಕ್ಕಿತು. ಅವನ ಲಾರಿಗಳು ಓಡಾಡಿದ ಸಿರ್ಟೆ ಪ್ರದೇಶದ ನೆಲದಡಿಯಲ್ಲೇ.

‘ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ, ಕೈ ಶುದ್ಧ’ ಅನ್ನುವ ವಾಕ್ಯಕ್ಕೂ ಒಂದು ಅಡಿಟಿಪ್ಪಣಿ ಬೇಕಿತ್ತು. ಜರ್ಮನ್ ಸೇನೆಯಲ್ಲಿ ಕೆಲಸದಲ್ಲಿದ್ದವರು ಯಾವ ಪಕ್ಷಕ್ಕೂ ಸೇರುವ ಹಾಗಿರಲಿಲ್ಲ, ಅದು ಕಾನೂನು. 1939ರಲ್ಲಿ ಹಿಟ್ಲರ್‌ನ ಬೆಂಗಾವಲು ಪಡೆಯ ಹೊಣೆ ಈತನದ್ದೇ. ಸಿಕ್ಕಿಬಿದ್ದ ಕಮಾಂಡೊಗಳನ್ನು ಕೊಲ್ಲಿ ಅಂತ 1942ರಲ್ಲಿ ಹಿಟ್ಲರ್ ಕಳಿಸಿದ ಆದೇಶವನ್ನು ಈತ ಜಾರಿ ಮಾಡಲಿಲ್ಲ, ಸೆರೆಯಾಳುಗಳನ್ನು ಮನುಷ್ಯರಂತೆ ನಡೆಸಿಕೊಂಡ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ವಾಲ್ಟರ್ ರೌಫ್ ಎಂಬ ಎಸ್.ಎಸ್. (ನಾಜಿಗಳ ಸ್ವಂತ ಪಡೆ) ಅಧಿಕಾರಿಯ ತಂಡ ಅಥೆನ್ಸ್‌ನಲ್ಲಿ ಕಾಯುತ್ತಿತ್ತು. ಜನರನ್ನು ಒಳಗೆ ಕೂಡಿ ಕೊಲ್ಲುವ ವಿಷಾನಿಲದ ಲಾರಿಗಳನ್ನು ರೂಪಿಸಿದ ಕೆಲಸ ನೋಡಿಕೊಂಡವನು ಈ ರೌಫ್. ರೊಮೆಲ್ ಗೆದ್ದರೆ ಹಿಂದಿನಿಂದ ಹೋಗಿ ಯಹೂದಿಗಳನ್ನು ‘ನೋಡಿಕೊಳ್ಳುವುದು’ ಅವನ ಕೆಲಸ. ಲಾರಿ ಅನ್ನುವ ಪದವನ್ನು ಈ ಪತ್ರದಲ್ಲಿ ಎಷ್ಟೋ ಸಲ ಬರೆದೆ. ಇಲ್ಲಿ ಬರೆಯುವಾಗ ಕೈ ತಡೆಯಿತು.

1944ರ ಅಕ್ಟೋಬರ್ 14ರಂದು ಹಿಟ್ಲರ್ ಕಳಿಸಿದ ಇಬ್ಬರು ಜನರಲ್‌ಗಳು ಮನೆಗೆ ಬಂದು ವಿಷ ಕೊಟ್ಟು ಕರೆದೊಯ್ದದ್ದು, ನಾಲ್ಕು ದಿನದ ಮೇಲೆ ಉಲ್ಮ್ ಊರಲ್ಲಿ ಅದೇ ಸರ್ಕಾರ ರಾಜಗೌರವ ಕೊಟ್ಟದ್ದು ಎಲ್ಲರಿಗೂ ಗೊತ್ತಿದೆ. 15 ವರ್ಷದ ಮಗ ಮನೆಯಲ್ಲೇ ಇದ್ದ. ಅದನ್ನು ಓದುವಾಗ ನನಗೂ ಬೇಸರವಾಗುತ್ತದೆ.

ಮುಂದಿನ ಪುರವಣಿಯಲ್ಲಿ ಜಾಗವಿದ್ದರೆ ಕನ್ನಡಕದ ತಿದ್ದುಪಡಿ ಹಾಕಿ. ಜೊತೆಗೆ ಒಂದು ಫೋಟೊ ಕೂಡ. 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯಲ್ಲಿ ತೆಗೆದದ್ದು, ಹುಡುಕಿದರೆ ಸಿಗುತ್ತದೆ. ರೊಮೆಲ್ ಉದ್ದ ಕೋಟು ಹಾಕಿಕೊಂಡು ಸೈನಿಕರ ತಪಾಸಣೆ ಮಾಡುತ್ತಿದ್ದಾನೆ. ಎದುರಿಗೆ ಇರುವವರು ಜರ್ಮನ್ ಸಮವಸ್ತ್ರ ತೊಟ್ಟ ಭಾರತೀಯರು. ಸುಭಾಷ್ ಚಂದ್ರ ಬೋಸ್ ಜರ್ಮನಿಯಲ್ಲಿ ಕಟ್ಟಿದ ಇಂಡಿಯನ್ ಲೀಜನ್ ಎಂಬ ಪಡೆಯವರು. ಇವರಲ್ಲಿ ಬಹಳ ಜನ ಉತ್ತರ ಆಫ್ರಿಕಾದಲ್ಲಿ ರೊಮೆಲ್‌ಗೇ ಸೆರೆಸಿಕ್ಕವರು. ಮೆಕಿಲಿಯಲ್ಲಿ ಸಿಕ್ಕವರೂ ಆ ಸಾಲಿನಲ್ಲಿ ಇದ್ದಿರಬಹುದು. ಈ ಸಲ ಚಿತ್ರದ ಕೆಳಗೆ ಅವರು ಯಾರು ಅಂತಲೂ ಬರೆಯಿರಿ.

ಇತಿ,
ಒಬ್ಬ ನಿವೃತ್ತ ಹವಾಲ್ದಾರ್,
ಆರ್ಮಿ ಸರ್ವಿಸ್ ಕೋರ್